ಎರಡನೇ ತೋಳಿನ ಸಾಲು

ನಮ್ಮಕ್ಕ ಹೊಲಿಗೆಯವಳು. ಹೆಂಗಸರ ಬ್ಲೌಸು, ಮಕ್ಕಳ ಫ್ರಾಕು, ಅಪರೂಪಕ್ಕೊಂದು ದಿಂಬಿನ ಚೀಲ. ಗಂಡಸರ ಬಟ್ಟೆ ಮುಟ್ಟುವುದಿಲ್ಲ. ಅಳತೆ ತೆಗೆಯುವಾಗ ಗಂಡಸರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾರೆ, ಆಮೇಲೆ ಊಟ ಮಾಡಿ ಬಂದು ಷರಟು ಬಿಗಿಯಾಯಿತೆಂದು ಜಗಳ ತೆಗೆಯುತ್ತಾರೆ ಎಂಬುದು ಅವಳ ಆಕ್ಷೇಪಣೆ. ಇದನ್ನು ಹೇಳುವಾಗ ಅವಳು ನನ್ನ ಕಡೆಗೇ ಏಕೆ ನೋಡುತ್ತಾಳೋ ಗೊತ್ತಿಲ್ಲ.

ನಾನು ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರು. ಅಕ್ಕನಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ನಲವತ್ತೇಳು ತುಂಬಿ, ತಲೆಯ ಮೇಲಿನದು ಮುಕ್ಕಾಲು ಪಾಲು ಉದುರಿದ ಮೇಲೂ ಅವಳ ಬಾಯಲ್ಲಿ ನಾನು 'ಮರಿ'ಯೇ. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗುವ ದಾರಿ ಅಕ್ಕನ ಬೀದಿಯ ಮೂಲಕ ಹಾದು ಹೋಗುವುದಿಲ್ಲ. ನಾನೇ ಸುತ್ತಿಕೊಂಡು ಹಾಯಿಸುತ್ತೇನೆ. ಅವಳ ಮುಂದಿನ ಕೋಣೆ ಬೀದಿಗೇ ತೆರೆದುಕೊಂಡಿದೆ. ಕಿಟಕಿಯ ಕೆಳಗೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಪಕ್ಕದಲ್ಲಿ ಕತ್ತರಿಸುವ ಮೇಜು, ಗೋಡೆಯ ಗೂಡುಗಳಲ್ಲಿ ಬಟ್ಟೆಯ ಗಂಟುಗಳು. ಒಂದೊಂದು ಗಂಟಿಗೂ ಅದರದೇ ಬಟ್ಟೆಯ ಅಂಚಿನಿಂದ ಹರಿದ ಪಟ್ಟಿಯ ಕಟ್ಟು. ನೆಲದ ತುಂಬ ದಾರದ ತುಂಡು. ನಾನು ಅಲ್ಲಿಗೆ ಹೋಗಿ ಬಂದ ಮರುದಿನ ನನ್ನ ಪ್ಯಾಂಟಿನ ಬುಡದಲ್ಲಿ ಅಂಟಿಕೊಂಡ ಬಣ್ಣ ನೋಡಿ ಸ್ಟಾಫ್ ರೂಮಿನವರು, ಮೇಷ್ಟ್ರ ಅಕ್ಕ ನಿನ್ನೆ ಹಸಿರು ಹೊಲಿದಿದ್ದಾರೆ ಎಂದು ಹೇಳಿಬಿಡುತ್ತಾರೆ.

ಹಿಂದಿನ ಕೋಣೆಯಲ್ಲಿ ಭಾವ ಮಲಗಿರುತ್ತಾರೆ. ಅವರಿಗೆ ಅಂಚೆ ವಿಂಗಡಿಸುವ ಕೆಲಸ, ರಾತ್ರಿ ಪಾಳಿ. ಮೂವತ್ತು ವರ್ಷದಿಂದ ಹಗಲು ನಿದ್ದೆ. ಯಂತ್ರದ ಕಟಕಟ ಅವರನ್ನು ಬಾಧಿಸುವುದಿಲ್ಲ. ಸಂಗೀತವೂ ಬಾಧಿಸುವುದಿಲ್ಲ, ಅವರ ಪ್ರಕಾರ ಜಗತ್ತಿನಲ್ಲಿರುವುದು ಎರಡೇ ರಾಗ, ಒಂದು ಅಲಾರಾಂ, ಇನ್ನೊಂದು ಅಲಾರಾಂ ಅಲ್ಲದ್ದು.

ಅಕ್ಕ ಹೊಲಿಯುವಾಗ ಗುನುಗುತ್ತಿದ್ದಳು. ಹಾಡುವುದಲ್ಲ, ಹಾಡಲಿಕ್ಕೆ ಬಾಯಿ ಬೇಕು, ಅವಳ ತುಟಿಗಳ ನಡುವೆ ಸದಾ ನಾಲ್ಕಾರು ಗುಂಡುಸೂಜಿ. ಹಾಗಾಗಿ ಮೂಗಿನೊಳಗೇ, ಕದ ಮುಚ್ಚಿದ ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿದ್ದಾರೇನೋ ಎನ್ನುವ ಹಾಗೆ. ಎಲ್ಲೂ ಕೇಳಿದ ಹಾಡಲ್ಲ. ಯಾವುದೋ ಸ್ವರದಲ್ಲಿ ಶುರುವಾಗುತ್ತಿತ್ತು, ಉದ್ದಕ್ಕೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಬೇರೆ ಕಡೆಗೆ ತಿರುಗುತ್ತಿತ್ತು. ದಿನಕ್ಕೊಂದು ಹೊಸದು. ಅವಳು ಗುನುಗುತ್ತಾಳೆಂಬುದು ಅವಳಿಗೇ ಗೊತ್ತಿರಲಿಲ್ಲ.

ಗೊತ್ತಿದ್ದವನು ನಾನೊಬ್ಬ. ಅದನ್ನು ಬಚ್ಚಿಟ್ಟು ಹೊಟ್ಟೆ ಹೊರೆದವನೂ ನಾನೊಬ್ಬ.

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಸಂಗೀತದ ಮೇಷ್ಟ್ರು ಒಂದು ಹೊಸ ಹಾಡು ಕಟ್ಟಬೇಕು. ಮೊದಲನೆಯ ವರ್ಷ ನಾನೇ ಸ್ವಂತ ಶಕ್ತಿಯಿಂದ ರಾಗ ಕೂಡಿಸಿದೆ; ಮಕ್ಕಳು ನಕ್ಕರು. ಎರಡನೆಯ ವರ್ಷವೂ ಸ್ವಂತ ಶಕ್ತಿಯನ್ನೇ ಉಪಯೋಗಿಸಿದೆ. ಈ ಸಲ ಪೋಷಕರು ನಕ್ಕರು. ಮೂರನೆಯ ವರ್ಷ ಅಕ್ಕನ ಮನೆಯ ಮೂಲೆಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಾ, ಅವಳ ಮೂಗಿನಿಂದ ಬಂದದ್ದನ್ನು ಬಸ್ ಟಿಕೆಟ್ಟಿನ ಹಿಂದೆ ಗೀಚಿಕೊಂಡೆ. ಅದಕ್ಕೆ ಮಾತು ತುಂಬಿಸಿ ಮಕ್ಕಳಿಂದ ಹಾಡಿಸಿದಾಗ ಮುಂದಿನ ಸಾಲಿನಲ್ಲಿ ಕೂತವರು ಕರ್ಚೀಫು ತೆಗೆದರು. ಆಮೇಲೆ ಹತ್ತೊಂಬತ್ತು ವರ್ಷ ಅದೇ ದಂಧೆ. ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಕಣ್ಣು ಅರ್ಧ ಮುಚ್ಚಿ ಚಾವಣಿ ನೋಡುತ್ತಿದ್ದೆ. ಒಮ್ಮೆ, ಎರಡನೆಯ ಸಾಲಿನಲ್ಲಿ ನೀವು ಯಾವಾಗಲೂ ಮೊದಲನೆಯದನ್ನೇ ಇನ್ನೊಮ್ಮೆ ಹೇಳಿಸುತ್ತೀರಲ್ಲ, ಯಾಕೆ, ಎಂದು ಒಬ್ಬರು ಕೇಳಿದಾಗ, ಅದು ಆತ್ಮದ ಹಂಬಲ, ತೀರದ್ದು, ಆದ್ದರಿಂದ ಮತ್ತೆ ಬರುತ್ತದೆ, ಎಂದು ಉತ್ತರ ಕೊಟ್ಟಿದ್ದೇನೆ. ಅವರು ಅದನ್ನು ಬರೆದುಕೊಂಡರು.

ಆದರೆ ಇಷ್ಟು ವರ್ಷ ಆ ಸ್ಟೂಲಿನ ಮೇಲೆ ಕೂತದ್ದು ಕದಿಯಲಿಕ್ಕೆ ಮಾತ್ರ ಅಲ್ಲ. ನಾನು ಒಂದಕ್ಕಾಗಿ ಕಾಯುತ್ತಿದ್ದೆ.

ನನಗೆ ಹತ್ತು ವರ್ಷವಿದ್ದಾಗ, ಅಕ್ಕ ಹೊಲಿಗೆ ಕಲಿತು ಅಪ್ಪನಿಂದ ಯಂತ್ರ ಕೊಡಿಸಿಕೊಂಡ ಹೊಸದರಲ್ಲಿ, ನಾನು ಅದರ ಪಕ್ಕದ ನೆಲದ ಮೇಲೆ ಬೋರಲು ಮಲಗಿ ಲೆಕ್ಕ ಬಿಡಿಸುತ್ತಿದ್ದೆ. ಬಿಡಿಸುತ್ತಿದ್ದೆ ಎನ್ನುವುದು ಅಪ್ಪನಿಗೆ ಹೇಳುತ್ತಿದ್ದ ಮಾತು. ಆಗ ಅವಳು ಗುನುಗುತ್ತಿದ್ದ ಒಂದು ರಾಗವಿತ್ತು. ಚುರುಕಾದದ್ದು, ಹಗುರವಾದದ್ದು, ಮೇಲೆ ಹೋಗಿ ಇನ್ನೇನು ಬಿದ್ದೀತು ಎನ್ನುವಾಗ ಒಂದು ಸಣ್ಣ ಮಡಿಕೆ ತೆಗೆದುಕೊಂಡು ನಿಲ್ಲುತ್ತಿತ್ತು. ಆ ವರ್ಷ ನಾಲ್ಕೈದು ಸಲ ಕೇಳಿರಬೇಕು. ಅವಳು ಮದುವೆಯಾಗಿ ಯಂತ್ರದ ಸಮೇತ ಹೋದಳು. ಆ ರಾಗವನ್ನು ಮತ್ತೆ ನಾನು ಕೇಳಲಿಲ್ಲ. ನನ್ನಲ್ಲಿ ಉಳಿದದ್ದು ಅದರ ನಾಲ್ಕು ಸ್ವರ. ನಾನು ಸಂಗೀತ ಕಲಿಯಲು ಹೋದದ್ದೇ ಆ ನಾಲ್ಕರ ಮುಂದಿನದು ಏನೆಂದು ತಿಳಿಯಲಿಕ್ಕೆ. ಮೂರು ಜನ ಗುರುಗಳ ಹತ್ತಿರ ಕಲಿತೆ. ಅವರು ಬೇರೆಲ್ಲವನ್ನೂ ಹೇಳಿಕೊಟ್ಟರು.

ಅವಳನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ಅವಳಿಗೆ ತಾನು ಗುನುಗುತ್ತೇನೆಂದು ಗೊತ್ತಾಗುತ್ತದೆ. ಗೊತ್ತಾದರೆ ಏನಾಗುತ್ತದೋ ಎಂಬ ಹೆದರಿಕೆ. ಈ ಹೆದರಿಕೆಯಲ್ಲಿ ಒಂದು ಪಾಲು ಅವಳ ಮೇಲಿನ ಪ್ರೀತಿ, ಮೂರು ಪಾಲು ವಾರ್ಷಿಕೋತ್ಸವ.

ಈ ವರ್ಷ ಆ ಹೆದರಿಕೆಯನ್ನು ನಾನೇ ಮುರಿದೆ. ಕಾರಣ ನಮ್ಮ ಹೆಡ್ ಮೇಡಂ. ಈ ಸಲದ ಹಾಡು ಕೇಳಿ ಅವರು ಅತ್ತರು. ಗಟ್ಟಿ ಹೆಂಗಸು, ಭುಜದ ಮೇಲೆ ಎರಡು ಶಾಲೆ ಹೊರುವಂಥವರು; ಅಂಥವರು ವೇದಿಕೆಯ ಮೇಲೆ ಎಲ್ಲರೆದುರು ಕನ್ನಡಕ ತೆಗೆದು ಒರೆಸಿಕೊಂಡರು. ಇದು ನನ್ನನ್ನೇ ಕುರಿತು ಬರೆದ ಹಾಗಿದೆ ಮೇಷ್ಟ್ರೇ, ಯಾಕೋ ಗೊತ್ತಿಲ್ಲ, ಎಂದರು. ನನಗೆ ಸನ್ಮಾನ ಬೇರೆ ಮಾಡಿದರು. ಅವರು ಕೊಟ್ಟ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬರುವಾಗ, ಕದ್ದ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡವನ ನಡಿಗೆ ಹೇಗಿರುತ್ತದೆಂದು ನನಗೆ ತಿಳಿಯಿತು.

ಆ ಹಾಡಿನ ಮೂಲ ಗುನುಗು ನನ್ನ ಫೋನಿನಲ್ಲಿತ್ತು. ಈಚೆಗೆ ಕಿವಿ ಮೊದಲಿನಷ್ಟು ಚುರುಕಿಲ್ಲವೆಂದು ಗೀಚುವುದು ಬಿಟ್ಟು ಗುಟ್ಟಾಗಿ ರೆಕಾರ್ಡು ಮಾಡಿಕೊಳ್ಳುತ್ತಿದ್ದೆ. ಮರುದಿನ ಮಧ್ಯಾಹ್ನ ಫಲಕವನ್ನು ಅಕ್ಕನ ಕತ್ತರಿಸುವ ಮೇಜಿನ ಮೇಲಿಟ್ಟು, ಇದು ನಿನ್ನದು, ಎಂದೆ. ಎಲ್ಲ ಹೇಳಿದೆ. ಹೇಳಿ, ಫೋನನ್ನು ಒತ್ತಿದೆ.

ಅಕ್ಕ ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಇಟ್ಟಳು. ಪೂರ್ತಿ ಕೇಳಿದಳು.

"ಯಾರೋ ಇದು, ಮುದುಕಿ ಥರ?"

"ನೀನೇ ಅಕ್ಕ."

ನಕ್ಕಳು. ಸೆರಗಿಲ್ಲದಿದ್ದರೂ ಏನನ್ನೋ ಸರಿಪಡಿಸಿಕೊಳ್ಳುವ ಹಾಗೆ ಕುತ್ತಿಗೆಯ ಹತ್ತಿರ ಕೈ ಹೋಯಿತು. ಇನ್ನೊಮ್ಮೆ ಹಾಕು ಎಂದಳು, ಹಾಕಿದೆ. ಎರಡನೆಯ ಸಲ ನಗಲಿಲ್ಲ. ಬೀದಿಗೆಲ್ಲ ಕೇಳುತ್ತಿತ್ತಾ ಎಂದು ಕೇಳಿದಳು. ಗಿರಾಕಿಗಳು ಕೂತಿರುವಾಗಲೂ ಹೀಗೇ ಮಾಡುತ್ತೇನಾ ಎಂದು ಕೇಳಿದಳು. ಫಲಕವನ್ನು ತಿರುಗಿಸಿ ನೋಡಿ, ಇದರ ಮೇಲೆ ಇಸ್ತ್ರಿಪೆಟ್ಟಿಗೆ ನಿಲ್ಲಿಸಬಹುದು ಎಂದು ಪಕ್ಕಕ್ಕಿಟ್ಟಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಮೇಲಿತ್ತು.

ಅಂದಿನಿಂದ ಗುನುಗು ನಿಂತಿತು.

ನಾನು ದಿನವೂ ಹೋಗಿ ಸ್ಟೂಲಿನ ಮೇಲೆ ಕೂತೆ. ಯಂತ್ರದ ಸದ್ದು ಮಾತ್ರ. ಮೂಗಿನವರೆಗೆ ಏನೋ ಬಂದದ್ದು ಕಾಣುತ್ತಿತ್ತು. ತಕ್ಷಣ ಅವಳಿಗೆ ನೆನಪಾಗಿ, ಹೊರಗೆ ಹೊರಟವರು ಬಾಗಿಲಲ್ಲಿ ಅಪರಿಚಿತರನ್ನು ಕಂಡು ಹಿಂದೆ ಸರಿಯುವಂತೆ ಅದು ಹಿಂದೆ ಸರಿಯುತ್ತಿತ್ತು. ಹಾಡಬೇಡವೆಂದು ನಾನೇನೂ ಹೇಳಲಿಲ್ಲವಲ್ಲ ಎಂದೆ. ನಾನೇನೂ ಹಾಡುತ್ತಿರಲಿಲ್ಲವಲ್ಲ ಎಂದಳು.

ಒಂದು ವಾರಕ್ಕೆ ಭಾವ ಎದ್ದು ಬಂದರು. ಅಂದು ಶಾಲೆಗೆ ರಜೆ; ಮಧ್ಯಾಹ್ನ ಎರಡು ಗಂಟೆಗೆ ಅವರು ಎದ್ದು ಓಡಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಣ್ಣು ಕೆಂಪಾಗಿತ್ತು. ವಿಂಗಡಣೆಯಲ್ಲಿ ತಪ್ಪು ಮಾಡುತ್ತಿದ್ದಾರಂತೆ. ಉತ್ತರಕ್ಕೆ ಹೋಗಬೇಕಾದ ಒಂದು ಮೂಟೆ ಕಾಗದ ದಕ್ಷಿಣಕ್ಕೆ ಹೋಗಿದೆಯಂತೆ.

"ಏನಯ್ಯಾ ಮಾಡ್ದೆ ನಿಮ್ಮಕ್ಕಂಗೆ? ನನಗೆ ನಿದ್ದೇನೇ ಬರ್ತಿಲ್ಲ. ಮನೇಲಿ ಏನೋ ನಿಂತು ಹೋಗಿದೆ, ಏನೂಂತ ಗೊತ್ತಾಗ್ತಿಲ್ಲ."

ನಾನು ಬಗ್ಗಿ ನೆಲದ ಮೇಲಿನ ದಾರದ ತುಂಡುಗಳನ್ನು ಹೆಕ್ಕತೊಡಗಿದೆ.

ಎರಡನೆಯ ವಾರ ಅದಕ್ಕಿಂತ ಕೆಟ್ಟದ್ದಾಯಿತು. ಒಂದು ಬ್ಲೌಸಿನ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದ ಬಂತು. ಆಮೇಲೆ ಒಂದು ಫ್ರಾಕಿನ ಕೊರಳು ಒಂದು ಕಡೆ ಎಳೆಯಿತು. ಮೂವತ್ತೇಳು ವರ್ಷದಲ್ಲಿ ಅಕ್ಕನ ಬಟ್ಟೆ ವಾಪಸು ಬಂದ ಉದಾಹರಣೆ ಇಲ್ಲ. ಗಿರಾಕಿಗಳು ದಪ್ಪವಾಗಿ ವಾಪಸು ಬಂದದ್ದು ಬೇರೆ. ಈಗ ಒಂದೇ ವಾರಕ್ಕೆ ಮೂರು ಗಂಟುಗಳು ಮರಳಿ ಬಂದವು. ಅಕ್ಕ ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ತಪ್ಪಿತು. ಟೇಪು ಹಿಡಿದು ಹೊಲಿದಳು. ಟೇಪು ಹಿಡಿದರೆ ಕೈ ನಿಂತು ನಿಂತು ಹೊಲಿಗೆ ಸುಕ್ಕುಗಟ್ಟಿತು. ಕೈಗೆ ಗೊತ್ತಿತ್ತು, ಈಗ ಮರೆತಿದೆ, ಎಂದಳು. ನಾಳೆಯಿಂದ ಹೊಸ ಬಟ್ಟೆ ತೆಗೆದುಕೊಳ್ಳುವುದಿಲ್ಲ, ಇರುವುದನ್ನು ಮುಗಿಸಿ ಯಂತ್ರಕ್ಕೆ ಬಟ್ಟೆ ಹೊದಿಸಿಬಿಡುತ್ತೇನೆ, ಎಂದೂ ಹೇಳಿದಳು. ಬಹಳ ಸಾಧಾರಣವಾಗಿ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎನ್ನುವ ಹಾಗೆ ಹೇಳಿದಳು.

ಮೇಷ್ಟ್ರುಗಳಿಗೆ ಒಂದು ರೋಗವಿದೆ. ಒಂದು ಉಪಾಯ ಮಾಡಿ ಕೆಡಿಸಿದ್ದನ್ನು ಇನ್ನೊಂದು ಉಪಾಯದಿಂದ ಸರಿಮಾಡಲು ಹೊರಡುವುದು. ನೀನು ಗುನುಗಬೇಡ, ನಿನ್ನ ಬದಲು ಫೋನು ಗುನುಗಲಿ, ಎಂದು ಅಕ್ಕನನ್ನು ಒಪ್ಪಿಸಿದೆ. ಮೇಜಿನ ಮೇಲೆ ಒಂದು ತೆಳುವಾದ ನೀಲಿ ಬಟ್ಟೆ ಕತ್ತರಿಸಿ ಸಿದ್ಧವಾಗಿತ್ತು. ಬೀದಿಯ ಕೊನೆಯ ಔಷಧಿ ಅಂಗಡಿಯ ಹುಡುಗಿಯದು. ಗಾಳಿ ಬಂದರೆ ಅಂಗಡಿಯ ಬಾಗಿಲು ಹಿಡಿದುಕೊಳ್ಳುವಂಥ ಹುಡುಗಿ. ಅಕ್ಕ ಬೆನ್ನಿನ ಭಾಗವನ್ನು ಸೂಜಿಯ ಕೆಳಗೆ ಕೂರಿಸಿದಳು. ನಾನು ಹೆಡ್ ಮೇಡಂ ಅತ್ತ ರಾಗವನ್ನು ಹಾಕಿದೆ.

ಏನು ಹೇಳಲಿ, ಅಕ್ಕನ ಕಾಲು ಕೂಡಲೇ ಹಳೆಯ ಓಟಕ್ಕೆ ಬಿತ್ತು. ಕಣ್ಣು ಅರ್ಧ ಮುಚ್ಚಿತು. ಕೈ ತಾನಾಗಿ ಬಟ್ಟೆಯನ್ನು ತಳ್ಳಿತು. ನಾನು ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಭುಜದ ಹೊಲಿಗೆ ಮುಗಿದು, ಬಟ್ಟೆಯೂ ಮುಗಿದು, ಸೂಜಿ ಬರಿಯ ಗಾಳಿಯಲ್ಲಿ ಇನ್ನೂ ಎರಡು ಇಂಚು ಹೊಲಿಯಿತು. ದಾರ ಸುತ್ತಿಕೊಂಡು ಕಟ್ಟೆಂದು ತುಂಡಾಯಿತು. ಫೋನು ಮಾತ್ರ ಆ ಸ್ವರವನ್ನು ಇನ್ನೂ ಎಳೆಯುತ್ತಲೇ ಇತ್ತು.

ಅಕ್ಕ ಚಕ್ರ ಹಿಡಿದು ನಿಲ್ಲಿಸಿದಳು. ತುಂಡಾದ ದಾರ ನೋಡಿದಳು, ಫೋನು ನೋಡಿದಳು.

"ಇದು ದೊಡ್ಡ ಭುಜ. ಈ ಮಗೂದಲ್ಲ."

ಆಮೇಲೆ, "ಇದನ್ನ ಯಾವತ್ತು ಹಿಡ್ಕೊಂಡೆ?" ಎಂದು ಕೇಳಿದಳು. ತಾರೀಖು ಹೇಳಿದೆ. ಅವಳು ಅಳತೆ ಪುಸ್ತಕವನ್ನು ಎಳೆದುಕೊಂಡು ಬೆರಳು ಆಡಿಸಿದಳು. ಅಂದು ಅವಳು ಹೊಲಿಯುತ್ತಿದ್ದದ್ದು ನಮ್ಮ ಹೆಡ್ ಮೇಡಂ ಬ್ಲೌಸು.

ಹಾಗೆ, ನಾನು ಮೂರು ಗುರುಗಳ ಹತ್ತಿರ ತಿಳಿಯದ್ದನ್ನು ಹರಿದ ದಾರದಿಂದ ತಿಳಿದೆ. ಹೊಲಿಗೆ ಎಷ್ಟು ಉದ್ದವೋ ಅಕ್ಕನ ಸ್ವರ ಅಷ್ಟು ಉದ್ದ. ಮೂಲೆ ಬಂದಾಗ ಯಂತ್ರದ ಪಾದ ಎತ್ತಿ ಬಟ್ಟೆ ತಿರುಗಿಸುತ್ತಾಳೆ, ಅಲ್ಲಿ ಉಸಿರು. ಕೊರಳಿನ ಸುತ್ತಿಗೆ ಸ್ವರ ಮೇಲೆ ಹೋಗಿ ಇಳಿಯುತ್ತದೆ. ಎದೆಯ ಮಡಿಕೆಗಳು ಎರಡು ಗಿಡ್ಡ ಸ್ವರ. ಒಂದು ತೋಳನ್ನು ಗುನುಗಿ ಹೊಲಿದರೆ, ಇನ್ನೊಂದು ತೋಳು ಅದೇ ಉಸಿರಿನಲ್ಲಿ ಅಷ್ಟೇ ಬರುತ್ತದೆ. ಅವಳಿಗೆ ಅದು ರಾಗವಲ್ಲ, ಅಳತೆಗೋಲು. ನನ್ನ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ, ನಾನು ಆತ್ಮದ ಹಂಬಲವೆಂದು ಬಣ್ಣಿಸಿದ್ದ ಆ ಎರಡನೆಯ ಸಾಲು, ಎರಡನೆಯ ತೋಳು. ಹೆಡ್ ಮೇಡಂ ಅತ್ತದ್ದು ತಮ್ಮದೇ ಬೆನ್ನು, ಭುಜ, ಕಂಕುಳನ್ನು ಮೂವತ್ತು ಮಕ್ಕಳು ಹಾಡಿದ್ದನ್ನು ಕೇಳಿ. ಅವರು ಹೇಳಿದ್ದು ಸರಿಯೇ ಇತ್ತು, ಅದು ಅವರನ್ನೇ ಕುರಿತದ್ದು.

ಅಕ್ಕ ಬಹಳ ನಕ್ಕಳು. ಹಿಂದಿನ ವರ್ಷಗಳದ್ದನ್ನೆಲ್ಲ ಹಾಡಿಸಿದಳು. ನಾನು ಒಂದೊಂದೇ ಹಾಡುತ್ತಾ ಹೋದೆ. ಅವಳು ಕಣ್ಣು ಮುಚ್ಚಿ ಎರಡೂ ಕೈಯನ್ನು ಬರಿಯ ಮೇಜಿನ ಮೇಲೆ ಬಟ್ಟೆ ತಳ್ಳುವಂತೆ ಸರಿಸುತ್ತಾ, ಇವಳು ಬೇಕರಿಯವಳು, ಇದು ದಂತ ವೈದ್ಯರ ತಾಯಿ, ಬೆನ್ನು ಸ್ವಲ್ಪ ಗೂನು ನೋಡು, ಇಲ್ಲಿ ಎಳೆದಿದ್ದೇನೆ, ಎನ್ನುತ್ತಿದ್ದಳು. ನಾಡಿ ಹಿಡಿದು ರೋಗ ಹೇಳುವವರ ಹಾಗೆ. ಒಂದೂ ತಪ್ಪಲಿಲ್ಲ.

ಆಗ ನಾನು ಆ ನಾಲ್ಕು ಸ್ವರವನ್ನು ಹಾಡಿದೆ. ಮೂವತ್ತೇಳು ವರ್ಷ ಯಾರ ಮುಂದೆಯೂ ಹಾಡದೆ ಇಟ್ಟುಕೊಂಡದ್ದು.

ಅಕ್ಕ ಇನ್ನೊಮ್ಮೆ ಹೇಳು ಎಂದಳು. ಕೈ ಮೇಜಿನ ಮೇಲೆ ಸರಿಯಿತು, ಒಂದು ಗೇಣೂ ಹೋಗದೆ ನಿಂತಿತು.

"ಸಣ್ಣ ಭುಜ. ಕತ್ತು ಉದ್ದ. ಯಾರೋ ಹುಡುಗಿ. ಅಳತೆ ಎರಡು ಕಡೇನೂ ಒಂದೇ, ಒಂದು ದಾರದಷ್ಟೂ ವ್ಯತ್ಯಾಸ ಇಲ್ಲ ನೋಡು..." ಎನ್ನುತ್ತಾ ಬಂದವಳು ಕಣ್ಣು ತೆರೆದಳು. "ಇದನ್ನ ಎಲ್ಲಿ ಕೇಳಿದ್ಯೋ?"

ನಾನು ಹೇಳಿದೆ. ಹತ್ತನೆಯ ವಯಸ್ಸು, ನೆಲದ ಮೇಲೆ ಬೋರಲು, ಲೆಕ್ಕದ ಪುಸ್ತಕ.

"ಇದು ನಂದು," ಎಂದಳು.

ಅಳತೆ ಪುಸ್ತಕಗಳ ಅಟ್ಟಿಯಲ್ಲಿ ತೀರ ಕೆಳಗಿನದನ್ನು ತೆಗೆದಳು. ಮೊದಲನೆಯ ಪುಟದಲ್ಲಿ ಹೆಸರಿರಲಿಲ್ಲ, 'ನಾನು' ಎಂದಿತ್ತು. ಕೆಳಗೆ ಒಂಬತ್ತು ಅಂಕಿಗಳು. ಕಲಿತ ಹೊಸದರಲ್ಲಿ ಗಿರಾಕಿಗಳಿಲ್ಲದೆ ತನಗೇ ನಾಲ್ಕೈದು ಹೊಲಿದುಕೊಂಡಿದ್ದಳಂತೆ. ಮದುವೆಯಾದ ಮೇಲೆ ಒಂದೋ ಎರಡೋ. ಆಮೇಲೆ ಗೂಡಿನಲ್ಲಿ ತನ್ನ ಬಟ್ಟೆ ಇಟ್ಟರೆ ಅದರ ಮೇಲೆ ಇನ್ನೊಬ್ಬರ ಗಂಟು, ಅವರಿಗೆ ನಾಳೆ ಬೇಕು. ಅದರ ಮೇಲೆ ಮತ್ತೊಬ್ಬರದು, ಅವರಿಗೆ ಇವತ್ತೇ ಬೇಕು. ತನ್ನದಕ್ಕೇನು ಅವಸರ. ಯಾವಾಗ ನಿಲ್ಲಿಸಿದಳೆಂದು ಅವಳಿಗೆ ನೆನಪಿಲ್ಲ. ಆಗಲೇ ನನಗೆ ಕಂಡದ್ದು: ಊರಿಗೆಲ್ಲ ಹೊಲಿಯುವ ನನ್ನಕ್ಕ ತೊಟ್ಟಿದ್ದದ್ದು ಅಂಗಡಿಯಿಂದ ತಂದ ಸಿದ್ಧ ಉಡುಪು. ಭುಜದಲ್ಲಿ ಜಾರುತ್ತಿತ್ತು. ಇಷ್ಟು ವರ್ಷ ನಾನು ಕಿವಿಯನ್ನು ಮಾತ್ರ ತಂದು ಆ ಸ್ಟೂಲಿನ ಮೇಲೆ ಇಟ್ಟಿದ್ದೆ.

ಈ ಅಳತೆಗೆ ಒಂದು ಹೊಲಿ, ಎಂದು ಬೇಡಿಕೊಂಡೆ. ಪೂರ್ತಿ ಕೇಳಿಬಿಡುತ್ತೇನೆ, ಒಂದೇ ಒಂದು ಸಲ, ಬರೆದುಕೊಳ್ಳುವುದಿಲ್ಲ, ರೆಕಾರ್ಡು ಮಾಡುವುದಿಲ್ಲ.

"ಹಾಕ್ಕೊಳ್ಳೋರಿಲ್ಲದ ಬಟ್ಟೇನ ಹೊಲಿಯೋದು ಹೇಗೋ ಮರಿ? ಬಟ್ಟೆ ಕೇಳುತ್ತೆ, ಯಾರಿಗೆ ಅಂತ. ಆ ಅಳತೆಯವಳು ಈಗಿಲ್ಲ."

ಹೇಳಿ ಪುಸ್ತಕ ಮುಚ್ಚಿದಳು. ಅವಳಿಗೂ ಆ ಹುಡುಗಿ ನೆನಪಾಗಿದ್ದಳೆಂದು ಕಾಣುತ್ತದೆ. ಮುಚ್ಚಿದ ಪುಸ್ತಕದ ಮೇಲೆ ಕೈ ಇಟ್ಟುಕೊಂಡು ಬೀದಿಯ ಕಡೆ ನೋಡುತ್ತಾ ಕೂತಳು. ಹಿಂದಿನ ಕೋಣೆಯ ಬಾಗಿಲಲ್ಲಿ ಭಾವ ನಿಂತಿದ್ದರು. ಯಾವಾಗಿನಿಂದ ಕೇಳಿಸಿಕೊಳ್ಳುತ್ತಿದ್ದರೋ. ಅವರು ಸೀದಾ ಗೂಡಿನ ಹತ್ತಿರ ಬಂದು, ಎಲ್ಲ ಗಂಟುಗಳ ಅಡಿಗೆ ಕೈ ಹಾಕಿ, ಒಂದು ಕಂದು ಬಣ್ಣದ ಬಟ್ಟೆಯನ್ನು ಎಳೆದು ಮೇಜಿನ ಮೇಲೆ ಹಾಕಿದರು. ತಾವು ತಂದು ಆರು ವರ್ಷವಾಯಿತು, ಈಗಿರುವವಳಿಗೆ ಹೊಲಿಯಲು ಏನು ತೊಂದರೆ, ಎಂದು ಕೇಳಿ, ಮತ್ತೆ ಹೋಗಿ ಮಲಗಿದರು. ನಿದ್ದೆಗೆಟ್ಟವರಿಗೆ ಬುದ್ಧಿ ಹೀಗೆ ನೇರ ಹೋಗುತ್ತದೇನೋ.

ತನ್ನ ಬೆನ್ನಿನ ಅಳತೆ ತಾನೇ ತೆಗೆಯಲಾಗದು. ಟೇಪು ನನ್ನ ಕೈಗೆ ಬಂತು. ಎಳೆಯಬೇಡ, ಸುಮ್ಮನೆ ಕೂರಿಸು, ಎಂದು ಹೇಳುತ್ತಾ ನಿಂತಳು. ಹುಟ್ಟಿದಾಗಿನಿಂದ ನೋಡಿದ ಬೆನ್ನು. ಬೆನ್ನಿನ ಅಗಲ, ಕೊರಳಿನ ಸುತ್ತು, ತೋಳು, ಒಂದೊಂದೇ ಕೂಗಿ ಹೇಳಿ ಹೊಸ ಪುಟದಲ್ಲಿ ಬರೆದೆ. ಭುಜಕ್ಕೆ ಬಂದಾಗ ಕೈ ತಡೆಯಿತು. ಎಡ ಭುಜ ಬಲಕ್ಕಿಂತ ಪೂರಾ ಅರ್ಧ ಇಂಚು ಕೆಳಗಿತ್ತು. ಮೂವತ್ತೇಳು ವರ್ಷ ಆ ಕಡೆಗೆ ಬಾಗಿ ಬಟ್ಟೆ ತಳ್ಳಿದ್ದು. ನಾನು ಎರಡೂ ಕಡೆ ಒಂದೇ ಅಂಕಿ ಬರೆದೆ.

ಅಕ್ಕ ಪುಸ್ತಕ ನೋಡಿದಳು. ಕನ್ನಡಿಯಲ್ಲಿ ತನ್ನ ಭುಜ ನೋಡಿದಳು.

"ಸರಿಯಾಗಿ ಬರಿ. ಸುಳ್ಳು ಅಳತೆ ಬರೆದ್ರೆ ಸುಕ್ಕು ಬೀಳುತ್ತೆ."

ಹೊಡೆದು ಹಾಕಿ ಸರಿಯಾಗಿ ಬರೆದೆ.

ಅವಳು ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸಿದಳು. ದಾರ ಪೋಣಿಸಿದಳು. ನಾನು ಸ್ಟೂಲಿನ ಮೇಲೆ ಕೂತೆ. ಅವಳು ಹೊಲಿಯಲಿಲ್ಲ. ನೀನು ಹೀಗೆ ಬಾಯಿ ನೋಡುತ್ತಾ ಕೂತರೆ ಆಗುವುದಿಲ್ಲ, ಹುಕ್ಕು ಮುಗಿದಿದೆ, ತಗೊಂಡು ಬಾ, ಎಂದಳು. ಗೋಡೆಯ ಡಬ್ಬಿಯಲ್ಲಿ ಹುಕ್ಕು ತುಂಬಿತ್ತು. ನಾನು ಹೋದೆ.

ಅಂಗಡಿ ಎರಡು ಬೀದಿಯಾಚೆ. ಬೇಕೆಂದೇ ನಿಧಾನವಾಗಿ ಹೋಗಿ, ಹುಕ್ಕಿನಲ್ಲಿ ಎಷ್ಟು ಬಗೆ ಇವೆಯೋ ಅಷ್ಟನ್ನೂ ಅಂಗಡಿಯವನಿಂದ ತೆಗೆಸಿ ನೋಡಿ, ಅವನು ನನ್ನನ್ನು ಸಂಶಯದಿಂದ ನೋಡತೊಡಗಿದ ಮೇಲೆ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಅಕ್ಕನ ಮನೆಯ ಎರಡು ಬಾಗಿಲು ಆಚೆಗೇ ನನಗೆ ಕೇಳಿಸಿತು. ನಾನು ಅಲ್ಲಿಯೇ, ಯಾರದೋ ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತೆ.

ಗುನುಗುತ್ತಿದ್ದಳು. ಹೊಸದು. ಮೊದಲಿನ ಚುರುಕು ಇಲ್ಲ. ಅಗಲವಾಗಿ, ನಿಧಾನವಾಗಿ ಹೋಗುತ್ತಿತ್ತು. ಕತ್ತಿನ ಸುತ್ತು ಬಂದಾಗ ಎತ್ತರಕ್ಕೆ ಹೋಗಲಿಲ್ಲ, ಅರ್ಧಕ್ಕೇ ಇಳಿಯಿತು. ಒಂದು ಭುಜ ಉದ್ದಕ್ಕೆ ಬಂತು. ಎರಡನೆಯದು ಅದರ ಹಾಗೇ ಹೊರಟು, ಕೊನೆಯಲ್ಲಿ ಕೂದಲೆಳೆಯಷ್ಟು ಕೆಳಗೆ ಜಾರಿ ನಿಂತಿತು. ಜೋಡಿ ಸಾಲುಗಳು ಜೋಡಿಯಾಗಿರಲಿಲ್ಲ. ಹತ್ತೊಂಬತ್ತು ವರ್ಷ ಅವಳಿಂದ ನಾನು ಕದ್ದದ್ದರಲ್ಲಿ ಹೀಗೆ ಜಾರುವುದು ಒಂದೂ ಇರಲಿಲ್ಲ. ಪ್ರತಿ ಸಲ ಅವಳು ಉಸಿರಿಗೆ ನಿಂತಾಗಲೂ ನನಗೆ, ಈಗ ತಿರುಗುತ್ತದೆ, ಈಗ ಆ ಮಡಿಕೆ ಬರುತ್ತದೆ, ಈಗ ಆ ಹುಡುಗಿ ಬರುತ್ತಾಳೆ ಎನ್ನಿಸುತ್ತಿತ್ತು. ಬರಲಿಲ್ಲ. ಜೇಬಿನಲ್ಲಿ ಫೋನಿತ್ತು. ಕೈ ಅಲ್ಲಿಗೆ ಹೋಗದ ಹಾಗೆ ಹುಕ್ಕಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗುನುಗಿನ ನಡುವೆ ಭಾವನ ಗೊರಕೆ ಶುರುವಾದದ್ದು ಬೀದಿಗೂ ಕೇಳಿಸಿತು.

ಗುನುಗು ನಿಂತ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋದೆ. ಇಷ್ಟು ಹೊತ್ತಾ ಎಂದಳು. ಅಂಗಡಿ ತೆರೆದಿರಲಿಲ್ಲ ಎಂದೆ. ಕಂದು ಬ್ಲೌಸು ತೊಟ್ಟು ಕನ್ನಡಿಯ ಮುಂದೆ ತಿರುಗಿದಳು. ಗಿರಾಕಿಗಳಿಗೆ ಮಾಡುವ ಹಾಗೇ ತನ್ನ ಭುಜದ ಹೊಲಿಗೆಯನ್ನು ತಾನೇ ಬೆರಳಿನಿಂದ ತೀಡಿದಳು. ಎಲ್ಲೂ ಸುಕ್ಕಿರಲಿಲ್ಲ. ಔಷಧಿ ಅಂಗಡಿಯ ಹುಡುಗಿಯ ನೀಲಿ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಯಬೇಕು, ನೀನಿನ್ನು ಹೊರಡು, ಎಂದಳು.

ಹೊರಟೆ. ಬೀದಿಯ ತಿರುವಿನಲ್ಲಿ, ಅಭ್ಯಾಸದಂತೆ, ನನ್ನ ಹಳೆಯ ನಾಲ್ಕು ಸ್ವರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲು ನೋಡಿದೆ. ಎರಡು ಬಂದವು. ಮೂರನೆಯದು ಕೂದಲೆಳೆಯಷ್ಟು ಕೆಳಗೆ ಜಾರಿತು. ನಿಂತು, ಮೊದಲಿನಿಂದ ಶುರುಮಾಡಿದೆ. ಮತ್ತೆ ಅಲ್ಲಿಗೇ ಜಾರಿತು. ಮನೆ ಸೇರುವವರೆಗೂ ಪ್ರಯತ್ನಿಸುತ್ತಲೇ ಇದ್ದೆ.